ಹೊರಗೆ ಕುಳಿತವಳು

ಮೊಮ್ಮಕ್ಕಳೇ, ಶಿವಲೀಲಾ, ಬಸೂ, ಇಂದು ಬೆಳಿಗ್ಗೆ ಮಂಚದ ಕೆಳಗೆ ಕಸ ಗುಡಿಸುವಾಗ ಕಸಬರಿಗೆಗೆ ಏನೋ ತಾಗಿ ಉರುಳಿ ಬಂತು. ನಿಮ್ಮ ದಾನಕ್ಕನ ಚೆಂಡು. ಕಿತ್ತಳೆ ಬಣ್ಣ ಮಾಸಿದೆ, ಮೈತುಂಬ ಬೆವರುಸಾಲೆಯಂಥ ಗುಳ್ಳೆಗಳು. ಎತ್ತಿ ಮೂಸಿದೆ. ಯಾಕೆ ಎಂದು ಕೇಳಬೇಡಿ. ವಯಸ್ಸಾದವರು ಕೈಗೆ ಸಿಕ್ಕಿದ್ದನ್ನೆಲ್ಲ ಮೂಸುತ್ತಾರೆ. ಬಿಸಿಲಲ್ಲಿ ನಿಂತ ಸೈಕಲ್ಲಿನ ಟೈರಿನ ವಾಸನೆ. ಕಸಬರಿಗೆ ಅಲ್ಲೇ ಬಿಟ್ಟು, ಬಸುವಿನ ಹಳೆಯ ನೋಟಬುಕ್ಕಿನಲ್ಲಿ ಉಳಿದ ಹಾಳೆ ಹುಡುಕಿಕೊಂಡು ಕುಳಿತಿದ್ದೇನೆ.

ನಾನು ಕನ್ನೊಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಹಾಳೆಗೆ ಕಣ್ಣಿಲ್ಲ, ಅದಕ್ಕೇ ಬರೆಯುವ ಧೈರ್ಯ.

ಆ ಶಾಲೆಯಲ್ಲಿ ನಾವು ಹುಡುಗಿಯರು ರಬ್ಬರಿನ ರಿಂಗ್ ಆಡುತ್ತಿದ್ದೆವು. ನಾನು ಎಲ್ಲರಿಗಿಂತ ಉದ್ದ. ಎಷ್ಟೇ ಎತ್ತರ ಎಸೆದರೂ ಕೈ ಚಾಚಿ ಹಿಡಿಯುತ್ತಿದ್ದೆ. ಏಳನೆಯ ತರಗತಿಯ ಕೊನೆಗೆ ಒಂದು ದಿನ ನಾನು ಹೊರಗೆ ಕುಳಿತೆ. ಬಸೂ, ನೀನು ಗಂಡುಹುಡುಗ, ಈ ಸಾಲು ದಾಟಿ ಓದು ಎಂದು ಬರೆಯಹೊರಟಿದ್ದೆ. ಬೇಡ, ಓದು. ತಿಂಗಳಿಗೆ ಮೂರು ದಿನ ಹೆಣ್ಣುಮಕ್ಕಳು ಏನನ್ನೂ ಮುಟ್ಟದೆ ಮನೆಯ ಹೊರಗಿನ ಕಟ್ಟೆಯ ಮೇಲೆ ಇರುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಿದ್ದರು. ಮೂರು ದಿನ ಕಳೆದು ನಾನು ಮನೆಯೊಳಗೇನೋ ಬಂದೆ. ಶಾಲೆಯೊಳಗೆ ಮತ್ತೆ ಹೋಗಲಿಲ್ಲ. "ಸಾಲಿ ಸಾಕು" ಎಂದ ನಮ್ಮಪ್ಪ. ಅಷ್ಟೇ ಮಾತು. ರಿಂಗ್ ಯಾರ ಪಾಲಾಯಿತೋ ತಿಳಿಯದು.

ನನ್ನ ಉದ್ದ ನನ್ನ ಮಗಳು ಮಹಾದೇವಿಯನ್ನು ಬಿಟ್ಟು, ಅವಳ ಮಗಳು ದಾನೇಶ್ವರಿಗೆ ಹೋಯಿತು. ಸಿಂದಗಿಯ ಶಾಲೆಯ ಮೈದಾನದಲ್ಲಿ ಒಂದು ಕಂಬ, ಕಂಬಕ್ಕೊಂದು ಕಬ್ಬಿಣದ ಬಳೆ. ಬಾಸ್ಕೆಟ್ ಎಂದರೆ ಬುಟ್ಟಿ ಎಂದು ಶಿವಲೀಲಾ, ನೀನೇ ನನಗೆ ಹೇಳಿದ್ದೆ. ತಳವಿಲ್ಲದ ಬುಟ್ಟಿಯಲ್ಲಿ ಏನು ತುಂಬುತ್ತಾರೋ ಎಂದು ನಾನು ನಕ್ಕಿದ್ದೆ. ದಾನಿ ತುಂಬುತ್ತಲೇ ಹೋದಳು. ಇಂಡಿ ಊರಿನಲ್ಲಿ ಪಂದ್ಯ, ಆಮೇಲೆ ಕ್ರೀಡಾ ಹಾಸ್ಟೆಲು, ಆಮೇಲೆ ರಾಜ್ಯದ ತಂಡ. ಹದಿನೈದು ತುಂಬುವಷ್ಟರಲ್ಲಿ ಏಷ್ಯಾದ ದೇಶಗಳ ಹುಡುಗಿಯರೆಲ್ಲ ಸೇರುವ ಪಂದ್ಯಾವಳಿಗೆ ಭಾರತದ ತಂಡದ ಹನ್ನೆರಡು ಜನರಲ್ಲಿ ಒಬ್ಬಳಾಗಿ ವಿಮಾನ ಹತ್ತಿದಳು. ಆ ಊರಿನ ಹೆಸರಿಗೆ ನನ್ನ ನಾಲಿಗೆ ಇಂದಿಗೂ ಹೊರಳುವುದಿಲ್ಲ.

ಅಲ್ಲಿಂದ ದಿನಾ ಫೋನು. ಪಂದ್ಯ ನೋಡಲೆಂದು ಮಹಾದೇವಿ ಗೊಳಸಂಗಿಗೆ, ನನ್ನ ಹತ್ತಿರ ಬಂದಿದ್ದಳು. ಮೂರನೆಯ ಪಂದ್ಯದ ದಿನ ದಾನಿ ನನಗೆ ಹೇಳಿದಳು: "ಆಯಿ, ಇವತ್ತೂ ಹೊರಗ ಕುಂತಿದ್ದೆ."

ನನಗೆ ಜೀವ ಹಾರಿಹೋಯಿತು. "ಅಯ್ಯ ನನ್ನವ್ವಾ, ನೀ ಹೋಗಿ ಐದ ದಿನಾ ಆತಲ್ಲ, ಇನ್ನೂ ಹೊರಗೇನ? ಹೊಟ್ಟಿ ನೋಯಾಕತ್ತೈತೇನ? ಅಜವಾನ ಕುದಿಸಿ ಕುಡಿ. ಅಲ್ಲಿ ಅಜವಾನ ಸಿಗತೈತೋ ಇಲ್ಲೋ!"

ಆ ಕಡೆಯಿಂದ ಕಿಲಕಿಲ ನಗು. "ಆಯಿ! ಆ ಹೊರಗಲ್ಲ! ಬೆಂಚಿನ ಮ್ಯಾಲೆ ಕುಂತಿದ್ದೆ. ಆಟಕ್ಕ ತಗೊಂಡಿಲ್ಲ." ನಗುತ್ತ ನಗುತ್ತಲೇ ಅವಳ ದನಿ ಒಡೆಯಿತು. "ಮೂರು ಮ್ಯಾಚ್ ಆದ್ವು. ಒಂದ ನಿಮಿಷ ಒಳಗ ಬಿಟ್ಟಿಲ್ಲ. ನಾಳೆ ಕಡೀದು. ನಾಳೇನೂ ಬಿಡಲಿಲ್ಲಂದ್ರ ಆಡದನ ಬರ್ತೇನಿ. ಊರಾಗ ಏನಂತ ಹೇಳ್ಲಿ?"

ಬೇರೆ ಅಜ್ಜಿಯಾಗಿದ್ದರೆ ಒಳ್ಳೆಯ ಮಾತು ಹೇಳುತ್ತಿದ್ದಳು. ನನಗೆ ನೆನಪಾದದ್ದು ಕನ್ನೊಳ್ಳಿಯ ಕಟ್ಟೆ. ಅಲ್ಲಿಂದ ನೇರಕ್ಕೆ ಅಡುಗೆಮನೆಯ ಒಲೆ ಕಾಣುತ್ತಿತ್ತು. ಒಳಗಿದ್ದವರಿಗೆಲ್ಲ ಒಂದೊಂದು ಕೆಲಸ. ನನಗೆ ಕೆಲಸವಿಲ್ಲ, ಕಣ್ಣು ಮಾತ್ರ.

"ಹೊರಗ ಕುಂತಾಗ ಹಾಲು ಉಕ್ಕೂದು ಎಲ್ಲಾರಕಿಂತ ಮೊದಲ ನನಗ ಕಾಣ್ತಿತ್ತು ದಾನಿ," ಎಂದೆ. "ಕುಂತಲ್ಲೇ ಒದರಿ ಹೇಳ್ತಿದ್ದೆ. ನೀನೂ ಸುಮ್ನ ಕೂಡಬ್ಯಾಡ, ನೋಡು. ಮತ್ತ, ಬೂಟ ಬಿಚ್ಚಬ್ಯಾಡ."

"ಹೂಂ" ಎಂದಳು. ನಾನೇನೋ ಹುಚ್ಚುಹುಚ್ಚಾಗಿ ಮಾತಾಡಿದೆನೆಂದು ಫೋನಿಟ್ಟ ಮೇಲೆ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಫೋನನ್ನು ತಾಮ್ರದ ಕೊಡಕ್ಕೆ ಆನಿಸಿ ಕುಳಿತೆವು. ನಾನು, ಮಹಾದೇವಿ, ಪಕ್ಕದ ಮನೆಯ ಖಾಸಿಂಬಿ. ಅಂಥ ಹುಡುಗಿಯರನ್ನು ನಾನು ಕಂಡೇ ಇರಲಿಲ್ಲ! ಬಿದ್ದರೆ ಎದ್ದು ಬಟ್ಟೆ ಸರಿಮಾಡಿಕೊಳ್ಳುವ ಗೊಡವೆಯಿಲ್ಲ, ಯಾರು ನೋಡಿದರೆಂದು ತಿರುಗಿ ನೋಡುವುದಿಲ್ಲ. ಎದುರಾಳಿ ಹುಡುಗಿಯೂ ಕೈ ಕೊಟ್ಟು ಎಬ್ಬಿಸುತ್ತಾಳೆ, ಮರುಗಳಿಗೆ ಅವಳ ಕೈಯಿಂದಲೇ ಚೆಂಡು ಕಸಿಯುತ್ತಾಳೆ. ನನಗೆ ಅವರ ಮೇಲೂ ಮಮತೆ ಬಂತು. ಅರ್ಧ ಆಟದ ಮೇಲೆ ಬುಟ್ಟಿ ಅದಲುಬದಲಾಗುತ್ತದೆಂದು ತಿಳಿಯದೆ, ಆ ಕಡೆಯವರ ಚೆಂಡು ಬಿದ್ದಾಗಲೆಲ್ಲ ನಾನೂ ಖಾಸಿಂಬಿಯೂ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

"ಅಕ್ಕಾ, ನಿಮ್ಮ ಮೊಮ್ಮಗಳು ಎಲ್ಲಿ ಅದಾಳ್ರಿ? ನನಗ ಬರೇ ನೀರಿನ ಬಾಟ್ಲಿ ಕಾಣಾಕತ್ತಾವು," ಎಂದಳು ಖಾಸಿಂಬಿ.

ದಾನಿ ಆ ಬಾಟಲಿಗಳ ಹಿಂದೆ, ಬೆಂಚಿನ ತುದಿಗೆ ಇದ್ದಳು. ಬೂಟು ಬಿಗಿದಿತ್ತು. ಕಣ್ಣು ಆಟ ಬಿಟ್ಟು ಕದಲುತ್ತಿರಲಿಲ್ಲ.

ಕೊನೆಯ ನಾಲ್ಕು ನಿಮಿಷ ಉಳಿದಿರುವಾಗ ನಮ್ಮ ಹುಡುಗಿಯೊಬ್ಬಳಿಗೆ ಐದನೆಯ ತಪ್ಪು ಬಂತು. ಐದಾದರೆ ಆಡುವಂತಿಲ್ಲ. ಸೀಟಿಯವನು ಎದೆಯ ಮುಂದೆ ಎರಡೂ ಕೈ ಅಡ್ಡಡ್ಡ ಹಿಡಿದ. ಪಾಪ, ಥಂಡಿ ಹತ್ತಿತೇನೋ ಎಂದುಕೊಂಡೆ. "ಅವ್ವಾ, ಅದು ಒಬ್ಬಾಕಿ ಹೊರಗ, ಒಬ್ಬಾಕಿ ಒಳಗ ಅನ್ನೋ ಸನ್ನಿ!" ಎಂದು ಮಹಾದೇವಿ ನನ್ನ ತೊಡೆ ಹಿಸುಕಿದಳು. ಒಳಗೆ ಓಡಿದವಳು ದಾನಿ.

ಆ ಕಡೆಯ ಒಂಬತ್ತನೆಯ ನಂಬರಿನ ಹುಡುಗಿ ಚೆಂಡು ಕೊಡುವ ಮೊದಲು ಎಡಗಾಲು ತುಸು ಹಿಂದಕ್ಕೆಳೆಯುತ್ತಿದ್ದಳಂತೆ. ಆಡುವ ಗದ್ದಲದಲ್ಲಿ ಯಾರಿಗೂ ಕಂಡಿರಲಿಲ್ಲ. ಬೆಂಚಿನ ತುದಿಗೆ ಕುಳಿತವಳಿಗೆ ಕಂಡಿತ್ತು. ಆ ಕಾಲು ಹಿಂದೆ ಸರಿಯುವುದಕ್ಕೂ ದಾನಿ ನುಗ್ಗಿ ಕೈ ಚಾಚುವುದಕ್ಕೂ ಸರಿಹೋಯಿತು. ಕಸಿದು, ತಾನು ಎಸೆಯದೆ, ಮುಂದೆ ಓಡುತ್ತಿದ್ದ ನಾಯಕಿಗೆ ಕೊಟ್ಟಳು. ಚೆಂಡು ಬುಟ್ಟಿಯಲ್ಲಿ. ಮತ್ತೊಮ್ಮೆಯೂ ಹಾಗೆಯೇ. ಮೂರನೆಯ ಸಲ ತಾನೇ ಎಸೆದಳು. ಬಳೆಯ ಮೇಲೆ ಸುತ್ತು ಹಾಕಿ ಆಚೆ ಬಿತ್ತು. ನಮ್ಮವರು ಮೂರು ಅಂಕದಿಂದ ಸೋತರು. ನಾನು ಅಳುತ್ತಿದ್ದೆ. ಸೋತದ್ದಕ್ಕಲ್ಲ.

ಊರಿಗೆ ಬಂದ ದಾನಿಗೆ ಈ ಮನೆಯಲ್ಲೇ ಆರತಿ ಎಂದು ನಿಶ್ಚಯವಾಯಿತು. ಐದು ಜನ ಮುತ್ತೈದೆಯರು ಬೇಕು. ನಾಲ್ವರಿದ್ದರು, ಐದನೆಯವಳಾದ ನಿಮ್ಮ ಚಿಗವ್ವ ಹತ್ತಿದ್ದ ಮುದ್ದೇಬಿಹಾಳದ ಬಸ್ಸು ಇನ್ನೂ ಬಂದಿರಲಿಲ್ಲ. ನನ್ನ ಯಜಮಾನರು, ನಿಮ್ಮ ಮುತ್ಯಾ, ತೀರಿಹೋದಂದಿನಿಂದ ಇಂಥ ಹೊತ್ತಿನಲ್ಲಿ ನಾನು ಬಾಗಿಲಾಚೆ ಕಟ್ಟೆಯ ಮೇಲೆ ಕೂರುತ್ತೇನೆ. ಯಾರೂ ಹೋಗೆಂದವರಲ್ಲ, ನಾನೇ ಹೋಗುತ್ತೇನೆ, ಯಾರೂ ಬಾ ಎನ್ನುವುದಿಲ್ಲ.

ಮಣೆಯ ಮೇಲಿನಿಂದ ದಾನಿ ಕೂಗಿದಳು: "ಆಯಿ, ನೀ ಯಾಕ ಹೊರಗ ಕುಂತಿ?"

"ಆರತಿ ಆಗ್ಲೆವ್ವ, ಬರ್ತೇನಿ."

ಅವಳು ಎದ್ದು ನಿಂತು, ನನ್ನ ಕಡೆ ನೋಡುತ್ತ, ಎದೆಯ ಮುಂದೆ ಎರಡೂ ಕೈ ಅಡ್ಡಡ್ಡ ಹಿಡಿದಳು. "ಚಿಗವ್ವ ಹೊರಗ, ಆಯಿ ಒಳಗ."

"ಏ ಹುಡುಗಿ, ಹಂಗೆಲ್ಲ ನಡಿಯೂದಿಲ್ಲ. ಮುತ್ತೈದೇರ ಆಗಬೇಕು," ಎಂದಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಗಂಗವ್ವ.

"ನಾಕ ಮಂದಿ ಮ್ಯಾಲೆ ಆಟ ಶುರು ಆಗೂದಿಲ್ಲ ಅಜ್ಜಿ," ಎಂದು ದಾನಿ ಕೈ ಇಳಿಸಲಿಲ್ಲ.

ಬಾಗಿಲಲ್ಲಿದ್ದ ಖಾಸಿಂಬಿ, "ಸೀಟಿ ನಾ ಊದ್ಲೇನ್ರಿ?" ಎಂದಳು. ಗಂಗವ್ವನಿಗೇ ಮೊದಲು ನಗು ಬಂತು. ನಗುತ್ತಲೇ ತಟ್ಟೆ ನನ್ನ ಕಡೆ ಚಾಚಿದಳು.

ನಾನು ಹೊಸ್ತಿಲು ದಾಟಿ ಬಂದು ತಟ್ಟೆ ಹಿಡಿದೆ. ಹಣೆ ನಿಲುಕುವಂತೆ ದಾನಿ ಮಂಡಿ ಮಡಚಿ ಬಗ್ಗಿದಳು, ಥೇಟ್ ಚೆಂಡಿಗೆ ಕಾಯುವವಳಂತೆ. ಕುಂಕುಮ ತುಸು ಸೊಟ್ಟಗಾಯಿತು. ಹೊರಡುವಾಗ, "ಇದು ನಿನ್ನ ಹತ್ರ ಇರ್ಲಿ" ಎಂದು ಈ ಚೆಂಡು ಬಿಟ್ಟುಹೋದಳು.

ಇಷ್ಟು ಬರೆದು ಅಂಗಳಕ್ಕೆ ಹೋಗಿ ಅದನ್ನು ಒಮ್ಮೆ ಪುಟಿಸಿದೆ. ಗಾಳಿ ಇಳಿದಿದೆ, ಮಂಡಿಯವರೆಗೂ ಏಳಲಿಲ್ಲ. ಓಣಿಯಲ್ಲಿ ಇಬ್ಬರು ನಿಂತು ನೋಡಿದರು. ನೋಡಲಿ ಎಂದು ಮತ್ತೊಮ್ಮೆ ಪುಟಿಸಿದೆ. ಬಸೂ, ಬಾಗೇವಾಡಿಯಿಂದ ಬರುವಾಗ ಗಾಳಿ ಹಾಕುವ ಪಂಪು ತಾ. ಶಿವಲೀಲಾ, ಈ ಹಾಳೆಗಳು ನಿನ್ನ ಕೈಗೆ. ಕಾಗುಣಿತದ ತಪ್ಪು ತಿದ್ದಬೇಡ, ಯಾರಿಗೂ ಕೊಟ್ಟು ಕಳೆಯಬೇಡ. ನನ್ನ ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗಿಡು. ಇವು ಒಳಗೇ ಇರಲಿ.