ಆಪರೇಷನ್ನಿಗೆ ಮುಂಚಿನ ಒಂದು ಪುಟ

ಆಪರೇಷನ್ನಿಗೆ ಕರೆದೊಯ್ಯಲು ಹೋದಾಗ ಬಹ್ರೈನಿ ಹಿರಿಯರೊಬ್ಬರು ಇಂಗ್ಲಿಷ್ ಪುಸ್ತಕವೊಂದನ್ನು ನನ್ನ ಕೈಗಿತ್ತು, “ಸಿಸ್ಟರ್, ಕನ್ನಡಕ ತೆಗೆಸಿಬಿಟ್ರು. ಒಂದು ಪುಟ ಓದ್ತೀರಾ?” ಎಂದರು. ನಾನು ಬಹ್ರೈನಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ 2009ರ ಮಾತು.

ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಕವಿಯೊಬ್ಬರ ಪ್ರಬಂಧಗಳು. ಮುಪ್ಪನ್ನು ಗೇಲಿ ಮಾಡುತ್ತಲೇ ಧೈರ್ಯ ತುಂಬುವಂಥವು. ಮಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನನ್ನ ಪಪ್ಪ ಊಟವಾದ ಮೇಲೆ ನಮಗೆ ಓದಿ ಹೇಳುತ್ತಿದ್ದುದೂ ಇವನ್ನೇ. ತಮಾಷೆಯ ಸಾಲು ಬರುವ ಮೊದಲೇ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಓದುತ್ತಾ ಓದುತ್ತಾ ನನಗೂ ಹಾಗೇ ಆಯಿತು. ಕಣ್ಣೂ ತುಂಬಿತು.

“ನಮ್ಮ ಪಪ್ಪನೂ ಇಲ್ಲೇ ನಗ್ತಿದ್ರು. ಈಗ ಅವರಿಲ್ಲ,” ಎಂದೆ.

“ಹಾಗಾದ್ರೆ ಅವರ ಪಾಲಿನದ್ದೂ ನಾನೇ ನಗ್ತೇನೆ,” ಎಂದ ಹಿರಿಯರು ನಗುತ್ತಲೇ ಥಿಯೇಟರಿನೊಳಗೆ ಹೋದರು. ಗುಣವಾಗಿ ಮನೆಗೂ ಹೋದರು.

ಆ ಶುಕ್ರವಾರ ಬಹ್ರೈನಿನ ಬುಸೈತೀನ್‌ನ ನಮ್ಮ ಫ್ಲ್ಯಾಟಿನಲ್ಲಿ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವರು ಕಂಡೇ ಇರದ ಅಜ್ಜನ ಕತೆಯನ್ನು ಮೊದಲ ಸಲ ಹೇಳಿದೆ.