ಮಿಕ್ಸಿ ತಿರುಗುವಾಗ ಹೇಳಿದ ಮಾತು

ಮನೆತನಗಳ ಏಳುಬೀಳನ್ನು ನಿರ್ಧರಿಸುವುದು ವಿಧಿ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆತನದ ಮಟ್ಟಿಗೆ ಆ ಕೆಲಸವನ್ನು ನೆನೆಸಿದ ಉದ್ದಿನಬೇಳೆ ಮಾಡಿತು.

ತೊಂಬತ್ತರ ದಶಕದ ಆರಂಭದಲ್ಲಿ ಅಣ್ಣನೂ ನಾನೂ ಸೇರಿ ಶ್ರೀರಂಗಪಟ್ಟಣದಲ್ಲಿ ಬಲ್ಬು, ವೈರು, ಮಿಕ್ಸಿ, ಪಂಪ್‌ಸೆಟ್ಟು ಮಾರುವ ಅಂಗಡಿ ಇಟ್ಟೆವು. ಪಾಂಡವಪುರದಲ್ಲಿ ಎರಡನೆಯದನ್ನು ತೆರೆದ ವರ್ಷವೇ ಅಣ್ಣ ತೀರಿಕೊಂಡ. ತಿಥಿ ಮುಗಿದ ವಾರಕ್ಕೆ ಅತ್ತಿಗೆ ಯಾರನ್ನೂ ಕೇಳದೆ ಬಂದು ಅಲ್ಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತರು. ಮಿಕ್ಸಿ ಬೇಕಾದವರು ಮನೆಯಿಂದ ಉದ್ದಿನಬೇಳೆ ನೆನೆಸಿ ತರಬೇಕು, ಅಂಗಡಿಯಲ್ಲೇ ರುಬ್ಬಿ ನೋಡಿ ಕೊಳ್ಳಬೇಕು ಎಂಬುದು ಅವರು ತಂದ ಕಾನೂನು. ಕರೆಂಟು ಹೋದರೆ ಗಿರಾಕಿಗಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿ ಕಾಯುವವರ ಗಾಂಭೀರ್ಯದಿಂದ ಕೂತಿರುತ್ತಿದ್ದರು. ಒಪ್ಪಿಗೆಯಾದರೆ ಮಿಕ್ಸಿ, ಇಲ್ಲದಿದ್ದರೆ ಹಿಟ್ಟು. ಬರಿಗೈಲಿ ಯಾರೂ ಹೋಗುತ್ತಿರಲಿಲ್ಲ. ಆ ಹೆಸರಿನ ಬಲದಿಂದಲೇ ಕೆ.ಆರ್. ಪೇಟೆಯಲ್ಲೂ ನಾಗಮಂಗಲದಲ್ಲೂ ಬಾಗಿಲು ತೆರೆದೆವು. ಉದ್ಘಾಟನೆಯಲ್ಲಿ ಹಾರ ಹಾಕಿಸಿಕೊಂಡವನು ನಾನು.

ನಾಲ್ಕು ಊರುಗಳ ನಡುವೆ ಬಸ್ಸಿನಲ್ಲಿ ಅಲೆದು ದಣಿದಿದ್ದೆ. ಮೈಸೂರಿನ ವ್ಯಾಪಾರಿಯೊಬ್ಬರು ಕೊಳ್ಳುವ ಮಾತೆತ್ತಿದಾಗ ಅತ್ತಿಗೆ ಕೇಳಿದ್ದು ಒಂದೇ.

“ಮಿಕ್ಕ ಮೂರ್ನ ಏನಾರ ಮಾಡ್ಕಳಪ್ಪ. ಪಾಂಡವಪುರದ್ದೊಂದ ನಂಗೆ ಬುಟ್ಬುಡು.”

“ಆಯ್ತು ಬುಡಿ ಅತ್ತಿಗೆ” ಎಂದಿದ್ದೆ.

ಕೊಂಡರೆ ನಾಲ್ಕೂ, ಇಲ್ಲವಾದರೆ ಒಂದೂ ಬೇಡ ಎಂದರು ವ್ಯಾಪಾರಿ. ಆಗಲಿ ಎಂದೆ. ಅಣ್ಣ ಹೋದ ಮೇಲೆ ಅಂಗಡಿಗಳು ಅತ್ತಿಗೆ, ನಾನು ಇಬ್ಬರ ಹೆಸರಿನಲ್ಲಿದ್ದವು. ಅತ್ತಿಗೆಯ ಸಹಿಗಾಗಿ ಪತ್ರ ಹಿಡಿದು ಪಾಂಡವಪುರಕ್ಕೆ ಹೋದೆ.

ಕ್ಯಾತನಹಳ್ಳಿಯ ಹೆಂಗಸೊಬ್ಬಳು ಬೇಳೆಯ ಡಬ್ಬಿ ತೆರೆಯುತ್ತಿದ್ದಳು. “ಅಕ್ಕೋ, ಇದು ರುಬ್ತದೋ, ಬರೀ ಕೂಗ್ತದೋ?”

“ಬರೀ ಕೂಗಾಕೆ ಇದೇನ್ ನಿನ್ ಗಂಡನೇನವ್ವ?” ಎಂದು ಅತ್ತಿಗೆ ಸ್ವಿಚ್ಚು ಒತ್ತಿದರು.

ಸತ್ಯ ನುಡಿಯಲು ಇದೇ ಪ್ರಶಸ್ತ ಮುಹೂರ್ತವೆಂದು ನನಗೆ ತೋರಿತು. ಮಿಕ್ಸಿ ಅರಚುತ್ತಿರುವಾಗ ಅವರ ಬೆನ್ನಿಗೆ ಒಂದಕ್ಷರ ಬಿಡದೆ ಎಲ್ಲವನ್ನೂ ಹೇಳಿದೆ. ಅವರು ಸ್ವಿಚ್ಚು ಆರಿಸಿ ತಿರುಗಿದರು.

“ಏನೋ ಅಂದಂಗಾಯ್ತಲ್ಲಪ್ಪ?”

“ಏನಿಲ್ಲ ಅತ್ತಿಗೆ, ಮಾರಾಟದ ಪತ್ರ. ಒಂದ್ಸಲ ಓದ್ಬುಡಿ.”

ಓದುವುದಿಲ್ಲವೆಂದು ಗೊತ್ತಿದ್ದೇ ಹಾಗೆಂದೆ. ಮನೆಯವರು ತಂದ ಕಾಗದವನ್ನು ಓದಿ ನೋಡುವುದೆಂದರೆ ಅವರನ್ನು ಅನುಮಾನಿಸಿದಂತೆ; ನಮ್ಮಲ್ಲಿ ಆ ಪದ್ಧತಿಯಿಲ್ಲ.

“ನೀನ್ ಓದಿದ್ದೀಯಲ್ಲ, ಸಾಕು ಬುಡು” ಎಂದು ಸೆರಗಿಗೆ ಕೈ ಒರೆಸಿಕೊಂಡು ಸಹಿ ಮಾಡಿದರು.

ನಾನು ಹೇಳಿದ್ದೆನಲ್ಲ ಎಂದು ಇಷ್ಟು ವರ್ಷ ವಾದಿಸುತ್ತಲೇ ಬಂದಿದ್ದೇನೆ. ಆರೋಪಿ, ವಕೀಲ, ನ್ಯಾಯಾಧೀಶ ಮೂವರೂ ನಾನೇ ಆಗಿದ್ದೂ ಕೇಸು ಗೆದ್ದಿಲ್ಲ.

ಬೋರ್ಡು ಬದಲಿಸುವವರು ಏಣಿ ತಂದ ದಿನ ಅತ್ತಿಗೆಗೆ ವಿಷಯ ಗೊತ್ತಾಯಿತು. ಬೀಗದ ಕೈಯನ್ನು ಏಣಿ ತಂದವರಿಗೇ ಕೊಟ್ಟು ಮನೆಗೆ ನಡೆದರು. ನಾಲ್ಕೂ ಅಂಗಡಿಗಳು ಮೈಸೂರಿನವರ ಪಾಲಾದವು.