ಪಾಳು ಕ್ವಾರ್ಟರ್ಸಿನ ಬಿಸಿ ರೊಟ್ಟಿ

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ಮೊದಲು ಅವರ ಬಿ.ಪಿ. ವಿಚಾರಿಸುತ್ತಿದ್ದೆ. ದೆವ್ವಕ್ಕೆ ಹೆದರುವಷ್ಟು ಪುರುಸೊತ್ತು ನನಗಿರಲಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಹೆದರಿಕೆಗೇ ದಿನ ಸಾಲುತ್ತಿರಲಿಲ್ಲ. ಈಗ ನೀವು ನನ್ನ ಬಿ.ಪಿ. ಕೇಳಬಹುದು, ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಅವ್ವ ತೀರಿಕೊಂಡಳು. ಅವಳ ನಾಯಿ ಕಾಳ್ಯಾ ಊಟ ಬಿಟ್ಟಿತು. ಸನತ್‌ನಗರದ ನಮ್ಮ ಬೀದಿಯಿಂದ ಅವಳೇ ಎತ್ತಿ ತಂದು ಸಾಕಿದ ಮರಿ ಅದು. ಹಾಲು, ಮೊಟ್ಟೆ, ಕೊನೆಗೆ ಕದ್ದುಮುಚ್ಚಿ ಮಟನ್ನೂ ಇಟ್ಟೆ. ಮೂಸಿ ಮುಖ ತಿರುಗಿಸುತ್ತಿತ್ತು. ಹೀಗೇ ಆದರೆ ಉಳಿಯುವುದಿಲ್ಲ, ತಿರುಗಾಡಿಸಿ ನೋಡಿ, ಹಸಿವಾದೀತು ಎಂದರು ದನದ ಡಾಕ್ಟರು. ಅದೂ ಹೋದರೆ ಅವ್ವನದೆಂದು ಉಸಿರಾಡುವುದು ಮನೆಯಲ್ಲಿ ಏನೂ ಉಳಿಯದಲ್ಲ ಎಂಬುದು ನನ್ನ ಸಂಕಟ.

ಪಟಾನ್‌ಚೆರುವಿನಾಚೆ ಅಪ್ಪ ದುಡಿದ ಕಾರ್ಖಾನೆಯ ಟೌನ್‌ಶಿಪ್ ಇದೆ. ಕಾರ್ಖಾನೆ ಮುಚ್ಚಿ, ಜನ ಖಾಲಿಯಾಗಿ, ಈಗ ಸಾಲುಸಾಲು ಪಾಳುಗೋಡೆ. ಕಾಳ್ಯಾ ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಾವು ಅಲ್ಲಿನ ಕ್ವಾರ್ಟರ್ಸ್ ಬಿಟ್ಟು ಬಂದವರು. ಗಾಡಿಗಳ ಕಾಟವಿಲ್ಲವೆಂದು ಅಲ್ಲಿಗೇ ಹೊರಟೆ. ಕೋಲು, ಟಾರ್ಚು, ಅಯೋಡಿನ್, ಬ್ಯಾಂಡೇಜು ತುಂಬಿಕೊಳ್ಳುವುದನ್ನು ನೋಡಿ ಹೆಂಡತಿ, “ನಾಯಿ ಅಡ್ಡಾಡಿಸಾಕ ಹೊಂಟೀರೋ, ಯುದ್ಧಕ್ಕ ಹೊಂಟೀರೋ?” ಎಂದಳು.

ಗೇಟಿನ ವಾಚ್‌ಮನ್ ಯಾದಗಿರಿ ಕಡೆಯವನು. “ಹೊತ್ತು ಮುಳುಗೂದ್ರಾಗ ಬಂದುಬಿಡ್ರಿ ಸಾಹೇಬ್ರ, ಒಳಗ ಹಾವು ಭಾಳ ಅದಾವ.”

“ಮನುಷ್ಯಾರು?”

“ಇದ್ರ ನನಗ ಮಾತಾಡಾಕರ ಜೋಡಿ ಸಿಗ್ತಿತ್ತಲ್ರೀ.”

ಮುಳ್ಳುಕಂಟಿ ಸರಿಸುತ್ತ, ಬಿರುಕುಬಿಟ್ಟ ನೀರಿನ ಟ್ಯಾಂಕು ದಾಟಿ ನಡೆದೆವು. ಕಾಲೆಳೆದುಕೊಂಡು ಬರುತ್ತಿದ್ದ ಕಾಳ್ಯಾ ನಮ್ಮ ಹಳೇ ಸಾಲು ಬರುತ್ತಲೇ ಸರಪಳಿ ಕಿತ್ತುಕೊಂಡು ಓಡಿತು. ಎಲ್ಲವೂ ಒಂದೇ ಅಚ್ಚಿನ ಮನೆಗಳು. ನಮ್ಮದು ಯಾವುದೆಂದು ನಾನೇ ತಡವರಿಸಿದೆ. ಅದು ತಡವರಿಸಲಿಲ್ಲ. ಹಿಂಬಾಗಿಲ ಮೆಟ್ಟಿಲಲ್ಲಿ ಕೂತು, ಅವ್ವ ಅಡುಗೆಮನೆಯಲ್ಲಿದ್ದಾಗ ಮಾಡುತ್ತಿದ್ದಂತೆ ಬಾಲ ಬಡಿಯಿತು. ಆಮೇಲೆ ಒಳಗೆ ಹೋಯಿತು.

ಹೊರಬಂದಾಗ ಬಾಯಲ್ಲಿ ಜೋಳದ ರೊಟ್ಟಿ.

ಯಾರೋ ವಿಷ ಇಟ್ಟಿದ್ದಾರೆಂದು ಕಿರುಚಿ ಕಸಿದುಕೊಂಡೆ. ಬಿಸಿಯಾಗಿತ್ತು. ಅಂಚಿನಲ್ಲಿ ಒಂದು ಚೂರು ಮುರಿದಿತ್ತು. ಅವ್ವ ದಿನಾ ಮೊದಲ ರೊಟ್ಟಿಯ ಅಂಚು ಮುರಿದು ಒಲೆಗೆ ಹಾಕಿ, ಉಳಿದದ್ದನ್ನು ನಾಯಿಗೆ ಕೊಡುತ್ತಿದ್ದಳು. ನನ್ನ ಕೈ ಸಡಿಲಾಯಿತು. ಕಾಳ್ಯಾ ಪೂರ್ತಿ ತಿಂದಿತು.

ಒಳಗೆ ಇಣುಕಿದೆ. ಛಾವಣಿ ಬಿದ್ದುಹೋಗಿತ್ತು. ಅಡುಗೆಕಟ್ಟೆ ಸೀಳಿಕೊಂಡು ಬೇವಿನ ಗಿಡ ಎದ್ದಿತ್ತು. ಒಲೆಯಿಲ್ಲ, ಬೂದಿಯಿಲ್ಲ, ಹೊಗೆಯ ವಾಸನೆಯೂ ಇಲ್ಲ. ಕೂಲಿಗೆ ಬಂದ, ರೊಟ್ಟಿ ತಿನ್ನುವ ನಮ್ಮ ಕಡೆಯವರು ಯಾರಾದರೂ ಬೀಡು ಬಿಟ್ಟಿರಬೇಕೆಂದು ಸಾಲೆಲ್ಲ ಹುಡುಕಿದೆ. ಧೂಳಿನಲ್ಲಿ ನನ್ನ ಚಪ್ಪಲಿಯದು, ನಾಯಿಯದು ಬಿಟ್ಟರೆ ಬೇರೆ ಹೆಜ್ಜೆಯಿರಲಿಲ್ಲ. ವಾಚ್‌ಮನ್‌ನ ಊಟದ ಡಬ್ಬಿ ತೆಗೆಸಿ ನೋಡಿದರೆ ಅದರಲ್ಲಿದ್ದದ್ದು ಅನ್ನ.

ಮರುದಿನ ಹೆಂಡತಿ ರೊಟ್ಟಿ ಬಡಿದಳು. ಕಾಳ್ಯಾ ಮೂಸಿ ಸುಮ್ಮನಾಯಿತು. ನಾನು ನಾಚಿಕೊಂಡೇ ಅಂಚು ಮುರಿದು ಗ್ಯಾಸಿನ ಉರಿಗೆ ಹಾಕಿ, ಉಳಿದದ್ದನ್ನು ಕೊಟ್ಟೆ. ತಿಂದಿತು. ಆಮೇಲೆ ಎಷ್ಟೋ ಕಾಲ ನಮ್ಮ ಜೊತೆಗಿತ್ತು. ಅದು ಹೋದ ಮೇಲೂ ಮೊದಲ ರೊಟ್ಟಿಯ ಅಂಚು ಮುರಿದು ಉರಿಗೆ ಹಾಕುವುದನ್ನು ನಾನು ಬಿಟ್ಟಿಲ್ಲ.

ಗ್ಯಾಸ್ ಬಂದ್ ಮಾಡಿದೆನೋ ಎಂದು ನೋಡಲು ಈಗಲೂ ಮಲಗುವ ಮುಂಚೆ ಅಡುಗೆಮನೆಗೆ ಹೋಗುತ್ತೇನೆ. ಬರ್ನರಿನ ಪಕ್ಕ ಆಯಾ ದಿನದ ಚೂರು ಕರಕಲಾಗಿ ಬಿದ್ದಿರುತ್ತದೆ. ರೊಟ್ಟಿ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟಿದ್ದೇನೆ. ಆದರೆ ಆ ರೊಟ್ಟಿಯ ಅಂಚಿನಿಂದ ಮುರಿದ ಚೂರು ಯಾವ ಒಲೆಗೆ ಬಿತ್ತು? ಆ ಮನೆಯಲ್ಲಿ ಒಲೆಯೇ ಇರಲಿಲ್ಲವಲ್ಲ.